ಬಿಚ್ಚಿ ಕಟ್ಟುವ ಕೈ

ಆ ಪ್ರಯೋಗಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಸೋರಿಕೆ ಅಕ್ಕ ಎಂದರೆ ಗೇಟಿನ ಕಾವಲುಗಾರನಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರಿಗೂ ಗೊತ್ತು. ಯಾವ ಯಂತ್ರ ಕೆಟ್ಟಿತೆಂದು ಕರೆದರೂ ಬಾಗಿಲಲ್ಲಿ ನಿಂತು ಅವಳು ಕೇಳುತ್ತಿದ್ದ ಮೊದಲ ಮಾತು, "ಎಲ್ಲಿ ಸೋರ್ತಿದೆ?"

"ಸೋರ್ತಿಲ್ಲ ಅಕ್ಕ, ಆನ್ ಆಗ್ತಾನೇ ಇಲ್ಲ."

"ಎಲ್ಲೋ ಸೋರ್ತಿರುತ್ತೆ. ಇರಿ, ನೋಡೋಣ."

ಬಹಳಷ್ಟು ಸಲ ಅವಳ ಮಾತೇ ನಿಜವಾಗುತ್ತಿತ್ತು. ಅನಿಲ ಸೋರಿರುತ್ತಿತ್ತು, ಇಲ್ಲವೇ ದ್ರವ ಸೋರಿರುತ್ತಿತ್ತು. ಏನೂ ಸೋರದಿದ್ದ ದಿನ, "ಹಾಗಾದ್ರೆ ನಿಮ್ಮ ತಲೆಯಿಂದಾನೇ ಏನೋ ಸೋರಿದೆ, ಸ್ವಿಚ್ಚೇ ಹಾಕಿಲ್ಲ ನೋಡಿ" ಎಂದು ಹೇಳಿ, ನಗದೆ ಹೊರಟುಬಿಡುತ್ತಿದ್ದಳು. ಅವಳು ಹೋದ ಮೇಲೆ ಉಳಿದವರು ನಗುತ್ತಿದ್ದರು.

ಅವಳು ಅಲ್ಲಿಗೆ ಬಂದದ್ದು ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ. ಆ ಕಾಲಕ್ಕೆ ನೆಲಮಹಡಿಯ ಮೂಲೆ ಕೋಣೆಯಲ್ಲಿದ್ದ ಪ್ರೋಟೀನು ಓದುವ ಯಂತ್ರ ಹೊಚ್ಚಹೊಸದು. ಅದು ಕೆಟ್ಟರೆ ಕಂಪನಿಯ ಎಂಜಿನಿಯರ್ ದೂರದಿಂದ ಬರುತ್ತಿದ್ದ. ಯಂತ್ರದ ಬೆನ್ನಿಗೂ ಗೋಡೆಗೂ ನಡುವೆ ಇದ್ದ ಸಂದಿಯಲ್ಲಿ ನುಸುಳಿ ಟಾರ್ಚು ಹಿಡಿಯಲು ಸಣ್ಣ ಆಳು ಬೇಕಿತ್ತು. ಅವಳನ್ನು ಕರೆದರು. ಟಾರ್ಚು ಹಿಡಿದವಳು ನಟ್ಟು ಹಿಡಿದಳು, ನಟ್ಟು ಹಿಡಿದವಳು ಸ್ಪ್ಯಾನರ್ ಹಿಡಿದಳು. ಎಂಜಿನಿಯರ್‌ಗೆ ವಯಸ್ಸಾಗಿ ಬರುವುದು ನಿಂತಿತು. ಆಮೇಲೆ ಕಂಪನಿ ಆ ಯಂತ್ರ ಮಾಡುವುದನ್ನೇ ನಿಲ್ಲಿಸಿತು. ಅಷ್ಟು ಹೊತ್ತಿಗೆ ಅವಳ ಕೂದಲೂ ನೆರೆತಿತ್ತು; ಕೋಟಿನ ಜೇಬಿನಲ್ಲಿ ಬೆರಳುದ್ದದ ಸ್ಪ್ಯಾನರ್ ಇಲ್ಲದೆ ಅವಳನ್ನು ಕಂಡವರೇ ಇರಲಿಲ್ಲ.

ಯಂತ್ರದ ಕೆಲಸವನ್ನು ಯಾರಾದರೂ ಕೇಳಿದರೆ ಅವಳು ಮಣಿಸರದ ಲೆಕ್ಕದಲ್ಲಿ ಹೇಳುತ್ತಿದ್ದಳು. ಪ್ರೋಟೀನು ಅಂದರೆ ಮಣಿ ಪೋಣಿಸಿದ ಸರ. ಯಾವ ಮಣಿ ಆದಮೇಲೆ ಯಾವ ಮಣಿ ಎಂದು ಗೊತ್ತಾದರೆ ಅದು ಯಾವ ಪ್ರೋಟೀನು ಎಂದು ಗೊತ್ತಾಗುತ್ತದೆ. ಯಂತ್ರದೊಳಗೆ ಒಂದು ದ್ರವ ಸರದ ತುದಿಯ ಮಣಿಯನ್ನು ಹಿಡಿದುಕೊಳ್ಳುತ್ತದೆ. ಅದರ ಹಿಂದೆಯೇ ಆಮ್ಲ ಬಂದು ಆ ಒಂದು ಮಣಿಯನ್ನು ಮಾತ್ರ ಕತ್ತರಿಸುತ್ತದೆ. ಕತ್ತರಿಸಿದ ಮಣಿ ಕೂದಲೆಳೆಯಂಥ ಕೊಳವೆಯಲ್ಲಿ ಸಾಗಿ ಒಂದು ದೀಪದ ಮುಂದೆ ಹಾಯುವಾಗ ಪರದೆಯ ಮೇಲಿನ ಗೆರೆ ಎದ್ದು ಗುಡ್ಡದಂತಾಗುತ್ತದೆ. ಗುಡ್ಡ ಎಲ್ಲಿ ಎದ್ದಿತು ಎಂಬುದರ ಮೇಲೆ ಮಣಿ ಯಾವುದೆಂದು ಹೇಳಬಹುದು. ಆಮೇಲೆ ಎರಡನೆಯ ಮಣಿ, ಆಮೇಲೆ ಮೂರನೆಯದು. "ಒಂದು ಮಣಿ ಓದೋಷ್ಟರಲ್ಲಿ ಊಟ ಮುಗಿಸಿ, ಡಬ್ಬಿ ತೊಳೆದು, ಒಂದು ಜಗಳಾನೂ ಆಡಿ ಬರಬಹುದು" ಎನ್ನುತ್ತಿದ್ದಳು.

ಯಂತ್ರಕ್ಕೆ ಒಂದು ಹಳೆಯ ಕಾಯಿಲೆಯಿತ್ತು. ಅದರ ಹೊಟ್ಟೆಯಲ್ಲಿ ಆಮ್ಲವೂ ಇತ್ತು, ಅದಕ್ಕೆ ಶತ್ರುವಾದ ಕ್ಷಾರವೂ ಇತ್ತು. ಇವೆರಡರ ಆವಿ ಎಲ್ಲಾದರೂ ಸಂದಿಯಲ್ಲಿ ಸಂಧಿಸಿದರೆ ಬಿಳಿಯ ಹರಳು ಕಟ್ಟುತ್ತಿತ್ತು. ಕೊಳವೆಯ ಬಾಯಿಗೆ ಒಂದು ಹರಳು ಸಿಕ್ಕಿಕೊಂಡರೆ ಸಾಕು, ದ್ರವ ಬರುವುದು ನಿಲ್ಲುತ್ತಿತ್ತು. ಇದಕ್ಕೆ ಅವಳ ಮದ್ದು ಒಂದೇ. ನಟ್ಟನ್ನು ಕಾಲು ಸುತ್ತು ಸಡಿಲಿಸಿ, ಕೊಳವೆಯ ತುದಿಯನ್ನು ಹೊರಗೆಳೆದು, ಮೆತ್ತನೆಯ ಕಾಗದದಿಂದ ಒರೆಸಿ, ಮತ್ತೆ ಕೂರಿಸಿ ಬಿಗಿಯುವುದು. ಬಿಚ್ಚಿ ಕಟ್ಟುವುದು ಎಂದು ಅದಕ್ಕೆ ಹೆಸರು. ಏಕೆ, ಏನು ಎಂದು ತಲೆಕೆಡಿಸಿಕೊಳ್ಳುವ ಮೊದಲೇ ಅವಳು ಬಿಚ್ಚಿ ಕಟ್ಟಿರುತ್ತಿದ್ದಳು, ಯಂತ್ರ ಎದ್ದು ಕೂತಿರುತ್ತಿತ್ತು.

"ಏನಾಗಿತ್ತಕ್ಕ ಅದಕ್ಕೆ?" ಎಂದು ಹೊಸಬರು ಕೇಳಿದರೆ, "ಏನಾಗಿತ್ತೋ ಅದು ಹೋಯ್ತು. ನಿಮಗೆ ಕಾಯಿಲೆ ಬೇಕೋ, ವಾಸಿಯಾಗೋದು ಬೇಕೋ?" ಎನ್ನುತ್ತಿದ್ದಳು.

ಇನ್ನೊಂದು ಪದ್ಧತಿಯಿತ್ತು. ನಿಜವಾದ ಮಾದರಿಯನ್ನು ಯಂತ್ರಕ್ಕೆ ಕೊಡುವ ಮುಂಚೆ ಹಾಲಿನಿಂದ ತೆಗೆದ, ಮಣಿಗಳ ಸಾಲು ಮೊದಲೇ ಗೊತ್ತಿರುವ ಒಂದು ಪ್ರೋಟೀನನ್ನು ಕೊಟ್ಟು ಪರೀಕ್ಷೆ ಮಾಡುತ್ತಿದ್ದರು. ಅದನ್ನು ಸರಿಯಾಗಿ ಓದಿದರೆ ಯಂತ್ರದ ಮೇಲೆ ನಂಬಿಕೆ. ಇದಕ್ಕೆ ಹಾಲು ಓಡಿಸುವುದು ಎನ್ನುತ್ತಿದ್ದರು. ಹಾಲು ಓಡಿಸದೆ ಯಾರಾದರೂ ಮಾದರಿ ಹಾಕಹೋದರೆ ಅವಳು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ಅದಕ್ಕೆ ಕಾರಣವಿತ್ತು. ಕೆಲವು ಪ್ರೋಟೀನುಗಳ ತುದಿಯನ್ನು ಸೃಷ್ಟಿಯೇ ಮುಚ್ಚಿಬಿಟ್ಟಿರುತ್ತದೆ. ಮೊದಲ ಮಣಿಯನ್ನು ಹಿಡಿಯಲು ದ್ರವಕ್ಕೆ ಆಸರೆಯೇ ಸಿಗುವುದಿಲ್ಲ. ಆಗ ಎಷ್ಟು ಗಟ್ಟಿಮುಟ್ಟಾದ ಯಂತ್ರವಾದರೂ ಪರದೆಯ ಮೇಲೆ ಖಾಲಿ ಗೆರೆ ಎಳೆಯುತ್ತಾ ಕೂರುತ್ತದೆ. ಯಂತ್ರ ಕೆಟ್ಟಿದ್ದರೂ ಅದೇ ಖಾಲಿ ಗೆರೆ. ಹಾಲು ಓಡಿಸದಿದ್ದರೆ ಈ ಖಾಲಿ ಯಾವುದು, ಆ ಖಾಲಿ ಯಾವುದು ಎಂದು ಹೇಳಲು ಆ ದೇವರೇ ಬರಬೇಕು.

ಅವಳಿಗೆ ಮದುವೆಯಾಗಿರಲಿಲ್ಲ. ಅಮ್ಮ ತೀರಿಕೊಂಡಾಗ ಕೈಗೂಸಾಗಿದ್ದ ತಂಗಿಯನ್ನು ಬೆಳೆಸಿ, ಓದಿಸಿ, ಒಬ್ಬ ದರ್ಜಿಗೆ ಕೊಟ್ಟು ಮದುವೆ ಮಾಡುವಷ್ಟರಲ್ಲಿ ಅವಳ ಮದುವೆಯ ಮಾತು ಹಳಸಿಹೋಗಿತ್ತು. ತಂಗಿಯ ಮನೆಯ ಮುಂದುಗಡೆ ಹೊಲಿಗೆ ಅಂಗಡಿ, ಹಿಂದೆ ಅಡುಗೆಮನೆ, ಮೇಲೆ ಒಂದು ಕೋಣೆ. ಮೇಲಿನ ಕೋಣೆ ಅವಳದು. ಬೆಳಿಗ್ಗೆ ಎದ್ದು ಕಿಟಕಿಯ ಕಡೆಗೆ ಮುಖ ಮಾಡಿ, ಕಣ್ಣುಮುಚ್ಚಿ, "ಇವತ್ತೊಂದು ದಿನ ನಡೆಸಿಕೊಡು" ಎಂದು ದೇವರಿಗೆ ಹೇಳಿ ಕೆಳಗಿಳಿಯುವಷ್ಟರಲ್ಲಿ ತಂಗಿ ಚಹಾ ಇಟ್ಟಿರುತ್ತಿದ್ದಳು. ತಂಗಿ ಮಾತಿನ ಮಲ್ಲಿ. ಅಕ್ಕನ ಬಾಯಿಂದ ಒಂದು ಮಾತು ಹೊರಡುವಷ್ಟರಲ್ಲಿ ಅವಳ ಹತ್ತು ಮಾತು ಮುಗಿದಿರುತ್ತಿದ್ದವು.

"ಅಕ್ಕ, ನಮ್ಮ ಮನೆ ಮೆಟ್ಟಿಲನ್ನ ಯಾರೋ ಜಾಸ್ತಿ ಮಾಡಿದ್ದಾರೆ ಕಣೇ" ಎಂದಳು ತಂಗಿ ಒಂದು ದಿನ, ಒಣಗಿದ ಬಟ್ಟೆ ತರಲು ಮೇಲೆ ಬಂದು ಬಾಗಿಲಲ್ಲಿ ಕೂತು. ಉಸಿರು ಸಿಕ್ಕುತ್ತಿರಲಿಲ್ಲ. "ಅಥವಾ ನಿಮ್ಮ ಪ್ರಯೋಗಾಲಯದೋರು ಗಾಳೀನ ಕಮ್ಮಿ ಮಾಡಿದ್ರಾ?"

ಅಕ್ಕ ಅವಳ ಪಾದ ನೋಡಿದಳು. ಚಪ್ಪಲಿಯ ಪಟ್ಟಿ ಊದಿದ ಮಾಂಸದಲ್ಲಿ ಹುಗಿದುಹೋಗಿತ್ತು.

ಆಸ್ಪತ್ರೆಗೆ ಅಲೆದದ್ದೇ ಅಲೆದದ್ದು. ಕೊನೆಗೆ ಹೃದಯದ ಡಾಕ್ಟರಮ್ಮ ತಂಗಿಯ ಹೃದಯದಿಂದಲೇ ಚಿಟಿಕೆಯಷ್ಟು ಮಾಂಸ ತೆಗೆಸಿ ನೋಡಿದರು. ಆಮೇಲೆ ಅಕ್ಕನನ್ನೂ ದರ್ಜಿಯನ್ನೂ ಹೊರಗಿನ ಬೆಂಚಿನ ಮೇಲೆ ಕೂರಿಸಿಕೊಂಡು, ಬಡಬಡಿಸದೆ ನಿಧಾನವಾಗಿ ಹೇಳಿದರು.

"ಕೆಟ್ಟ ಪ್ರೋಟೀನು ಹೃದಯದಲ್ಲಿ ಕೂಡಿಕೊಳ್ತಾ ಇದೆ. ಹಾಗೆ ಕೂರೋದರಲ್ಲಿ ಎರಡು ಥರ. ಒಂದು ಥರ ಆದ್ರೆ ಮಾತ್ರೆ ಕೊಟ್ಟು ನಿಧಾನಕ್ಕೆ ತಡೀಬಹುದು. ಇನ್ನೊಂದು ಥರ ಆದ್ರೆ ಮಾತ್ರೆ ನಾಟಲ್ಲ, ತುಂಬಾ ಕಠಿಣವಾದ ಔಷಧೀನ ರಕ್ತಕ್ಕೇ ಬಿಡಬೇಕು. ಅದನ್ನ ಕೂಡಲೇ ಶುರು ಮಾಡಬೇಕು."

"ಯಾವುದಾದ್ರೂ ಒಂದು ಕೊಡಿ ಡಾಕ್ಟರಮ್ಮ" ಎಂದ ದರ್ಜಿ. ಅವನ ಕೊರಳಲ್ಲಿ ಅಳತೆಯ ಪಟ್ಟಿ ಇನ್ನೂ ನೇತಾಡುತ್ತಿತ್ತು. ಅಂಗಡಿಯಿಂದ ಹಾಗೆಯೇ ಓಡಿಬಂದಿದ್ದ.

"ತಪ್ಪು ಥರಕ್ಕೆ ಆ ಕಠಿಣ ಔಷಧಿ ಕೊಟ್ರೆ ಈ ಹೃದಯ ತಡೆಯಲ್ಲ. ನಾವೇ ಕೊಂದ ಹಾಗಾಗುತ್ತೆ. ಥರ ಖಾತ್ರಿಯಾಗದೆ ಆ ಮಾತ್ರೇನೂ ಸಿಗಲ್ಲ. ಒಂದೊಂದು ಥರಕ್ಕೆ ಒಂದೊಂದು ಬಣ್ಣ ಹಾಕಿ ನೋಡಿದ್ವಿ, ಎರಡೂ ಬಣ್ಣ ಮಸುಕಾಗಿ ಹಿಡೀತು. ಅರ್ಧ ಚೂರನ್ನ ದೂರದ ದೊಡ್ಡ ಕೇಂದ್ರಕ್ಕೆ ಕಳಿಸಿದ್ವಿ, ಸಾಲದು ಅಂದ್ರು. ಇನ್ನೊಂದ್ಸಲ ಹೃದಯದಿಂದ ತೆಗೆಯೋಷ್ಟು ಶಕ್ತಿ ಆಕೆಗಿಲ್ಲ. ಉಳಿದಿರೋದು ಒಂದೇ ಚೂರು." ಡಾಕ್ಟರಮ್ಮ ಅಕ್ಕನ ಕಡೆ ತಿರುಗಿದರು. "ನಿಮ್ಮಲ್ಲಿ ಆ ಹಳೇ ಯಂತ್ರ ಇನ್ನೂ ಇದೆಯಂತಲ್ಲ?"

ಅಕ್ಕ ತಲೆಯಾಡಿಸಿದಳು. ಮಾತಿನ ಅರ್ಥ ಅವಳಿಗೆ ಆಗಲೇ ತಿಳಿದಿತ್ತು. ಮೊದಲನೆಯ ಥರದ ಪ್ರೋಟೀನಿಗೆ ತುದಿ ತೆರೆದಿರುತ್ತದೆ. ಯಂತ್ರ ಅದನ್ನು ಓದುತ್ತದೆ. ಎರಡನೆಯ ಥರದ್ದಕ್ಕೆ ತುದಿ ಮುಚ್ಚಿರುವುದೇ ಹೆಚ್ಚು; ಯಂತ್ರ ಖಾಲಿ ಗೆರೆ ಎಳೆಯುತ್ತದೆ.

"ಓದಿದ್ರೆ ಮಾತ್ರೆ" ಎಂದರು ಡಾಕ್ಟರಮ್ಮ. "ಯಂತ್ರ ಚೆನ್ನಾಗಿದ್ದೂ ಏನೂ ಬರಲಿಲ್ಲ ಅಂದ್ರೆ, ಆ ಬಣ್ಣದ ಜೊತೆ ಸೇರಿಸಿ ನಾನು ಎರಡನೇದು ಅಂತ ತೀರ್ಮಾನ ಮಾಡ್ತೀನಿ. ಆದ್ರೆ ಯಂತ್ರ ಚೆನ್ನಾಗಿತ್ತು ಅನ್ನೋದು ನನಗೆ ಬೇಕು. ಅದು ಮುಖ್ಯ."

"ಚೆನ್ನಾಗಿಡ್ತೀನಿ" ಎಂದಳು ಅಕ್ಕ.

ಚೆನ್ನಾಗಿಡುವುದು ಅಷ್ಟು ಸುಲಭವಿರಲಿಲ್ಲ. ತುದಿಯ ಮಣಿ ಹಿಡಿಯುವ ದ್ರವ ಎಲ್ಲೆಂದರಲ್ಲಿ ಸಿಗುವಂಥದ್ದಲ್ಲ. ಹೊಸದಾಗಿ ತರಿಸಿದ್ದ ಬಾಟಲಿ ದಾರಿಯಲ್ಲೇ ಗಾಳಿ ತಗುಲಿ ಹಳದಿಯಾಗಿ ಕೆಟ್ಟುಬಂದಿತ್ತು. ಮತ್ತೆ ತರಿಸಲು ತಿಂಗಳುಗಟ್ಟಲೆ ಬೇಕು. ತಂಗಿಯ ಹತ್ತಿರ ಅಷ್ಟು ತಿಂಗಳಿರಲಿಲ್ಲ. ಹಳೆಯ ಬಾಟಲಿಯ ತಳದಲ್ಲಿ ಒಳ್ಳೆಯ ದ್ರವ ಒಂದು ಬೆರಳು ಉಳಿದಿತ್ತು. ಯಂತ್ರ ಏಳುವಾಗ ಕೊಳವೆಗಳನ್ನೆಲ್ಲ ತುಂಬಿಕೊಳ್ಳಲೇ ಅದರಲ್ಲಿ ಅರ್ಧ ಕುಡಿಯುತ್ತಿತ್ತು. ಮಿಕ್ಕದ್ದರಲ್ಲಿ ಒಂದು ಸಲದ ಓದು. ಅಷ್ಟೇ.

ಮುಖ್ಯಸ್ಥರು ಸಾಧು ಮನುಷ್ಯ. ಸದಾ ಬಾಯಲ್ಲೊಂದು ಪೆಪ್ಪರ್‌ಮಿಂಟು. ಅವರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಪೆಪ್ಪರ್‌ಮಿಂಟನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿದರು.

"ಹಾಲು ಓಡಿಸ್ತೀರಾ?"

"ಓಡಿಸಿದ್ರೆ ಯಂತ್ರ ಸರಿಯಿದೆ ಅಂತ ಗೊತ್ತಾಗುತ್ತೆ ಸಾರ್. ಆದ್ರೆ ತಂಗಿಗೆ ಏನೂ ಉಳಿಯಲ್ಲ."

"ಓಡಿಸದೆ ಇದ್ರೆ?"

"ಮಣಿ ಬಂದ್ರೆ ಬಂತು. ಯಂತ್ರ ಸರಿಯಿತ್ತು ಅಂತ ಅದೇ ಹೇಳುತ್ತೆ. ಬರದೆ ಇದ್ರೆ..."

"ಬೇರೆ ಯಾರನ್ನಾದ್ರೂ ಕೂರಿಸೋಣ ಅಂದ್ರೆ, ಆ ಯಂತ್ರದ ಮುಂದೆ ಕೂರೋರು ಇನ್ಯಾರಿದ್ದಾರೆ ಹೇಳಿ" ಎಂದರು ಅವರು. "ನಿಮಗೆ ಹೇಗೆ ತೋಚುತ್ತೋ ಹಾಗೆ ಮಾಡಿ, ಅಮ್ಮಾ. ನಾನು ಅಡ್ಡ ಬರಲ್ಲ."

ಅಡ್ಡ ಬಂದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ಬೈದು, ಇದನ್ನೇ ಮಾಡು ಎಂದು ಹೇಳುವವರು ಒಬ್ಬರು ಬೇಕಿತ್ತು.

ಅವಳು ಎರಡು ದಿನ ಯಂತ್ರದ ಸೇವೆ ಮಾಡಿದಳು. ಒಂದೊಂದೇ ಕೊಳವೆಯನ್ನು ಬಿಚ್ಚಿ ಕಟ್ಟಿದಳು. ಅನಿಲದ ಒತ್ತಡ ಹಿಡಿದು, ಮಾಪಕದ ಮುಳ್ಳು ಇಳಿಯುತ್ತದೆಯೇ ಎಂದು ನೋಡಿದಳು, ಇಳಿಯಲಿಲ್ಲ. ಎಲ್ಲಿಯೂ ಸೋರುತ್ತಿರಲಿಲ್ಲ. ಆಮ್ಲದ ಕೊಳವೆಯ ತುದಿಗೆ ಲಿಟ್ಮಸ್ ಕಾಗದ ಹಿಡಿದಳು, ಥಟ್ಟನೆ ಕೆಂಪಾಯಿತು. ಎಲ್ಲ ಸರಿ. ಆದರೆ ಹರಳಿನ ವಿಷಯದಲ್ಲಿ ಇವತ್ತು ಸರಿ ಇದ್ದದ್ದು ನಾಳೆ ಸರಿ ಇರುತ್ತದೆ ಎನ್ನುವ ಹಾಗಿಲ್ಲ. ಅದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಹಾಲು ಓಡಿಸದೆಯೇ ಮಾದರಿ ಹಾಕುವುದೆಂದು ನಿರ್ಧಾರ ಮಾಡಿದಳು.

ಆ ದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋದಳು. ಕೈಗವಸು ತೊಟ್ಟು, ಅದರ ಮೇಲೆ ಇನ್ನೊಂದು ತೊಟ್ಟಳು. ತಂಗಿಯ ಹೃದಯದಿಂದ ಬಂದದ್ದು ಉಗುರಿನಷ್ಟು ಬಿಳಿಯ ತೆಳು ಹಾಳೆಯ ಮೇಲೆ ಕಂದು ಕಲೆಯಾಗಿ ಕೂತಿತ್ತು. ಅದನ್ನು ಚಿಮಟಿಗೆಯಲ್ಲಿ ಹಿಡಿದು ಯಂತ್ರದ ಗಾಜಿನ ಗೂಡಿನಲ್ಲಿಟ್ಟಳು. ಇಷ್ಟು ವರ್ಷದಲ್ಲಿ ಎಷ್ಟೋ ಹಾಳೆಗಳನ್ನು ಆ ಗೂಡಿನಲ್ಲಿಟ್ಟಿದ್ದಳು. ಎಲ್ಲವೂ ಯಾರದೋ ಆಗಿದ್ದವು. ಯಾರದೆಂದು ಒಮ್ಮೆಯೂ ಕೇಳಿರಲಿಲ್ಲ ಎಂಬುದು ಆಗ ಹೊಳೆದು, ನಾಚಿಕೆಯಾಯಿತು. ಗೂಡು ಮುಚ್ಚಿ, ಕಣ್ಣು ಮುಚ್ಚಿದಳು. ಓದುವ ಹಾಗೆ ಮಾಡು ಎಂದು ಬೇಡಿಕೊಂಡಳು. ಓದಿದರೆ ಮಾತ್ರೆ. ಓದಿದರೆ ತಂಗಿ ಅಡುಗೆಮನೆಯಲ್ಲಿ ನಿಂತು ಮಾತಾಡುತ್ತಾಳೆ.

ಯಂತ್ರ ಕ್ಲಿಕ್ ಎಂದಿತು, ಉಸಿರೆಳೆಯಿತು, ಕ್ಲಿಕ್ ಎಂದಿತು.

ಮೊದಲ ಸುತ್ತಿನಲ್ಲಿ ಯಂತ್ರದ ಸ್ವಂತ ಗುಡ್ಡಗಳು ಎದ್ದವು. ಅವು ಯಾವಾಗಲೂ ಏಳುವಂಥವು. ಹಿಡಿಯುವ ದ್ರವ ಬರುತ್ತಿದೆ ಎಂಬುದಕ್ಕೆ ಗುರುತು ಅಷ್ಟೇ. ಆಮ್ಲದ ಸುದ್ದಿಯನ್ನು ಅವು ಹೇಳುವುದಿಲ್ಲ. ಅವುಗಳ ನಡುವೆ ಮೊದಲ ಸುತ್ತಿನಲ್ಲಿ ಇದ್ದೇ ಇರುವ ಧೂಳು ಕೊಳೆಯ ಕುರುಚಲು. ಎರಡನೆಯ ಸುತ್ತಿನಲ್ಲಿ ಕುರುಚಲು ಇಳಿಯಿತು. ಗೆರೆ ಬಯಲಾಯಿತು. ಮೂರನೆಯದೂ ಬಯಲು. ಒಂದು ಕಡೆ ಗೆರೆ ಸ್ವಲ್ಪ ಮೈಮುರಿದಂತೆ ಕಂಡು ಅವಳು ಸ್ಟೂಲಿನಿಂದ ಎದ್ದುನಿಂತಳು. ಅದು ಪಂಪಿನ ನಡುಕ. ಮತ್ತೆ ಕೂತಳು.

ಮಧ್ಯಾಹ್ನ ಮುಖ್ಯಸ್ಥರು ಬಾಗಿಲಲ್ಲಿ ಇಣುಕಿದರು. ಪರದೆ ನೋಡಿದರು, ಅವಳ ಮುಖ ನೋಡಿದರು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು. ಊಟದ ಡಬ್ಬಿ ಬಿಚ್ಚದೆಯೇ ಇತ್ತು. ಕಿಟಕಿಯ ಬಿಸಿಲು ಮೇಜಿನಿಂದ ನೆಲಕ್ಕಿಳಿದು ಬಾಗಿಲ ತನಕ ಸರಿಯಿತು. ಬಾಟಲಿಯ ತಳದಿಂದ ಗಾಳಿಗುಳ್ಳೆ ಬಂತು. ದ್ರವ ಮುಗಿದಿತ್ತು. ಯಂತ್ರ ತಾನಾಗಿ ನಿಂತಿತು. ಪರದೆಯ ಮೇಲೆ ಸುತ್ತಿನ ಕೆಳಗೆ ಸುತ್ತು, ಒಂದೂ ಮಣಿಯಿಲ್ಲದ ಗೆರೆಗಳು.

ಈಗ ಒಂದೇ ಕೆಲಸ ಬಾಕಿ. ಆಮ್ಲ ಬರುತ್ತಿತ್ತೇ ಎಂದು ನೋಡುವುದು. ಬರುತ್ತಿತ್ತು ಎಂದಾದರೆ ಯಂತ್ರ ಸರಿಯಿತ್ತು, ತುದಿ ಮುಚ್ಚಿತ್ತು, ಡಾಕ್ಟರಮ್ಮ ನಾಳೆಯೇ ಔಷಧಿ ಶುರು ಮಾಡಬಹುದು. ಅದೂ ಒಂದು ದಾರಿಯೇ. ಕಠಿಣವಾದರೂ ದಾರಿ. ನೋಡುವುದು ಹೇಗೆ ಎಂದು ಅವಳಿಗೆ ಗೊತ್ತಿತ್ತು. ಆಮ್ಲದ ಕೊಳವೆ, ಆಮ್ಲವನ್ನು ತೆರೆದು ಮುಚ್ಚುವ ವಾಲ್ವಿನಿಂದ ಹೊರಟು ಗಾಜಿನ ಗೂಡಿಗೆ ಸೇರುತ್ತದೆ. ಗೂಡಿನ ಕಡೆಯ ತುದಿಯನ್ನಷ್ಟೇ ಬಿಡಿಸಿ, ಲಿಟ್ಮಸ್ ಹಿಡಿದು, ಅನಿಲ ಬಿಡಬೇಕು. ವಾಲ್ವಿನ ಕಡೆ ಮುಟ್ಟಬಾರದು. ಹರಳು ಕಟ್ಟುವುದೇ ಅಲ್ಲಿ. ಅಲ್ಲಿ ಕೈಯಾಡಿಸಿದರೆ ಇದ್ದ ಹರಳು ಉದುರಿಹೋಗುತ್ತದೆ, ಇತ್ತೋ ಇರಲಿಲ್ಲವೋ ಎಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಅವಳಿಗೆ ಗೊತ್ತಿತ್ತು. ಅವಳ ಕಣ್ಣು ಪರದೆಯ ಮೇಲಿತ್ತು. ಮನಸ್ಸು ಮನೆಯ ಮೆಟ್ಟಿಲ ಮೇಲಿತ್ತು. ಬಲಗೈ ಜೇಬಿಗಿಳಿದು ಸ್ಪ್ಯಾನರ್ ತೆಗೆಯಿತು. ಎಡಗೈ ಕೊಳವೆಯನ್ನು ಹಿಡಿಯಿತು. ಕಾಲು ಸುತ್ತು ಹೊರಗೆ. ತುದಿ ಎಳೆದು, ಕಾಗದದಿಂದ ಒರೆಸಿ, ಕೂರಿಸಿ, ಕಾಲು ಸುತ್ತು ಒಳಗೆ.

ನಟ್ಟು ಬಿಗಿಯಾದದ್ದು ಬೆರಳಿಗೆ ತಿಳಿದಾಗ ಅವಳಿಗೆ ತಾನೆಲ್ಲಿದ್ದೇನೆಂದು ತಿಳಿಯಿತು. ಅದು ವಾಲ್ವಿನ ನಟ್ಟು.

ಅವಳು ಬಹಳ ಹೊತ್ತು ಕೈ ತೆಗೆಯಲಿಲ್ಲ. ತೆಗೆಯದಿದ್ದರೆ ಆಗಿಲ್ಲವೆಂದಾದೀತು ಎಂಬಂತೆ. ಆಮೇಲೆ ಎಡಗೈಯಲ್ಲಿದ್ದ ಕಾಗದ ಬಿಡಿಸಿ ನೋಡಿದಳು. ಮಡಿಕೆಯಲ್ಲಿ ಬಿಳಿಯ ಹರಳೊಂದಿತ್ತು, ಅರ್ಧ ಸಕ್ಕರೆ ಕಾಳಿನಷ್ಟು. ಕೊಳವೆಯ ಬಾಯೊಳಗಿಂದ ಬಂದದ್ದೋ, ನಟ್ಟಿನ ಹೊರಗೆ ಸುಮ್ಮನೆ ಅಂಟಿದ್ದದ್ದೋ? ಹೊರಗೂ ಹಾಗೆ ಅಂಟುವುದುಂಟು. ಒರೆಸುವಾಗ ಕಣ್ಣು ಅಲ್ಲಿರಲಿಲ್ಲ.

ಗೂಡಿನ ತುದಿ ಬಿಡಿಸಿ ಲಿಟ್ಮಸ್ ಹಿಡಿದಳು. ಥಟ್ಟನೆ ಕೆಂಪಾಯಿತು. ಅಷ್ಟು ಕೆಂಪನ್ನು ಅವಳು ಹಿಂದೆಂದೂ ದ್ವೇಷಿಸಿರಲಿಲ್ಲ.

ಮನೆಗೆ ಬಂದಾಗ ತಂಗಿ ಹಾಸಿಗೆಯ ಮೇಲೆ ದಿಂಬುಗಳಿಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ದರ್ಜಿ ಪಕ್ಕದಲ್ಲಿ ಕೂತು ಒಂದು ಅಂಗಿಗೆ ಗುಂಡಿ ಹಾಕುತ್ತಿದ್ದ.

"ಏನಂತು ನಿನ್ನ ಸವತಿ?" ಎಂದಳು ತಂಗಿ. ಯಂತ್ರವನ್ನು ಅವಳು ಹಾಗೆಯೇ ಕರೆಯುತ್ತಿದ್ದದ್ದು. ಅಕ್ಕನಿಗೆ ಗಂಡನೇ ಇಲ್ಲ, ಸವತಿ ಹೇಗೆ ಎಂದು ದರ್ಜಿ ಕೇಳಿದರೆ, ನನಗೆ ಸವತಿ ಕಣ್ರೀ, ಅಕ್ಕನ್ನ ಹಗಲೆಲ್ಲ ಅದೇ ಇಟ್ಕೊಂಡಿರುತ್ತೆ ಎನ್ನುತ್ತಿದ್ದಳು.

ಅಕ್ಕ ಕೋಟು ಕಳಚದೆ ಕೂತು ಎಲ್ಲವನ್ನೂ ಹೇಳಿದಳು. ಬಿಚ್ಚಿ ಕಟ್ಟಿದ್ದನ್ನೂ ಹೇಳಿದಳು. ಕಾಗದ ಬಿಡಿಸಿ ಹರಳನ್ನೂ ತೋರಿಸಿದಳು. ದರ್ಜಿ ಬಗ್ಗಿ ನೋಡಿದ.

"ಇಷ್ಟೇನಾ ಅತ್ತಿಗೆ?"

"ಇಷ್ಟೇ."

"ಮತ್ತೆ ಯಾಕೆ ಬಿಚ್ಚಿದೆ?" ಎಂದಳು ತಂಗಿ. ಬೈಯುವ ದನಿಯಲ್ಲ, ಕೇಳುವ ದನಿ.

"ನಾನು ಬಿಚ್ಚಲಿಲ್ಲ ಪುಟ್ಟಿ. ಕೈ ಬಿಚ್ಚಿತು."

ತಂಗಿ ಆ ಕೈಯನ್ನೇ ನೋಡಿದಳು. ತನಗೆ ಜಡೆ ಹಾಕಿದ ಕೈ, ಶಾಲೆಗೆ ಹೋಗಲ್ಲ ಎಂದು ಅತ್ತ ದಿನ ಬೆನ್ನಿಗೆ ಗುದ್ದಿದ ಕೈ. ಸಿಕ್ಕಿದಷ್ಟು ಉಸಿರಿನಲ್ಲಿ, "ಸರಿ ಇತ್ತು ಅಂದ್ಬಿಡು" ಎಂದಳು.

"ಏನು?"

"ಡಾಕ್ಟರಮ್ಮನಿಗೆ. ಯಂತ್ರ ಚೆನ್ನಾಗಿತ್ತು ಅನ್ನು. ಔಷಧಿ ಕೊಡ್ತಾರೆ."

"ತಪ್ಪು ಥರ ಆಗಿದ್ರೆ ಆ ಔಷಧಿ ನಿನ್ನ..."

"ಕೊಡದೆ ಇದ್ರೆ ನಾನೇನು ನಿನ್ನ ಮೊಮ್ಮಕ್ಕಳನ್ನ ಆಡಿಸ್ತೀನಾ? ನಿನಗೆ ಮಕ್ಕಳೇ ಇಲ್ಲ." ನಗಲು ಹೋಗಿ ಕೆಮ್ಮಿದಳು. ದರ್ಜಿ ನೀರು ಕೊಟ್ಟ. "ಜೀವಮಾನವೆಲ್ಲ ಎಲ್ಲಿ ಸೋರ್ತಿದೆ, ಎಲ್ಲಿ ಸೋರ್ತಿದೆ ಅಂತ ಹುಡುಕಿದೆ ಅಕ್ಕ. ನನಗೋಸ್ಕರ ಒಂದ್ಸಲ ಎಲ್ಲೂ ಸೋರ್ತಿಲ್ಲ ಅನ್ನು."

ದರ್ಜಿ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟ. ಅತ್ತಿಗೆಯ ಮುಖ ನೋಡಿದ, ಅಷ್ಟೇ.

ಮರುದಿನ ಬೆಳಿಗ್ಗೆ ಕಿಟಕಿಯ ಮುಂದೆ ನಿಂತಾಗ ಅವಳಿಗೆ ಬೇಡಲು ಮಾತೇ ಸಿಗಲಿಲ್ಲ. ಸುಳ್ಳು ಹೇಳುವ ಶಕ್ತಿ ಕೊಡು ಎನ್ನಬೇಕೋ, ಹೇಳದಿರುವ ಶಕ್ತಿ ಕೊಡು ಎನ್ನಬೇಕೋ ತಿಳಿಯಲಿಲ್ಲ. "ನೀನು ನೋಡಿದ್ದೀಯ" ಎಂದಳು. "ಆಮ್ಲ ಬಂತೋ ಇಲ್ಲವೋ ನೀನೊಬ್ಬ ನೋಡಿದ್ದೀಯ." ಕಿಟಕಿಯ ಆಚೆ ಎದುರು ಮನೆಯವರು ಚಾಪೆ ಕೊಡವುತ್ತಿದ್ದರು.

ಆಸ್ಪತ್ರೆಯ ತನಕ ನಡೆದೇ ಹೋದಳು. ದಾರಿಯುದ್ದಕ್ಕೂ ಸರಿ ಇತ್ತು, ಸರಿ ಇತ್ತು ಎಂದು ಬಾಯೊಳಗೇ ಅಭ್ಯಾಸ ಮಾಡಿದಳು. ಎರಡೇ ಪದ. ಸುಳ್ಳೂ ಅಲ್ಲ. ಸರಿಯೇ ಇದ್ದಿರಬಹುದು. ಹರಳು ಹೊರಗಿನದೇ ಇರಬಹುದು. ಒಂದು ಕ್ಷಣ ಅದು ನಿಜವೆಂದೇ ಅನ್ನಿಸಿ ಹೆಜ್ಜೆ ಚುರುಕಾಯಿತು. ಮರುಕ್ಷಣ, ಔಷಧಿಯ ಕೊಳವೆ ತಂಗಿಯ ತೋಳಿನಲ್ಲಿಳಿಯುವುದು, ಅದರ ಬುಡದ ನಟ್ಟು, ಅದನ್ನು ಬಿಗಿದ ಕೈ ತನ್ನದು ಎಂಬುದು ಕಣ್ಣಿಗೆ ಕಟ್ಟಿ, ರಸ್ತೆಯ ಬದಿಯ ಮೋಟು ಗೋಡೆಯ ಮೇಲೆ ಕೂತಳು. ಎದ್ದು ಮತ್ತೆ ನಡೆದಳು.

ಡಾಕ್ಟರಮ್ಮ ಗೆರೆಗಳನ್ನು ನೋಡಿದರು. "ಏನೂ ಬಂದಿಲ್ಲ."

"ಇಲ್ಲ."

"ಯಂತ್ರ ಚೆನ್ನಾಗಿತ್ತಾ?"

ನಾಲಿಗೆಯ ಮೇಲೆ ಎರಡು ಪದ ಸಿದ್ಧವಾಗಿ ಕೂತಿದ್ದವು. ಅವಳು ಬಾಯಿ ತೆರೆದಳು.

"ಗೊತ್ತಿಲ್ಲ" ಎಂದಳು. "ಈಗ ಆಮ್ಲ ಬರ್ತಿದೆ. ಆಗ ಬಂದಿತ್ತೋ ಇಲ್ವೋ ಗೊತ್ತಿಲ್ಲ. ಗೊತ್ತಾಗ್ತಿತ್ತು. ನಾನೇ ಕೆಡಿಸಿದೆ."

ಡಾಕ್ಟರಮ್ಮ ಕಾಗದದಲ್ಲಿದ್ದ ಹರಳನ್ನು ನೋಡಿದರು. ಒಳಗಿನದೋ ಹೊರಗಿನದೋ ಎಂದು, ಅವಳು ತನ್ನನ್ನೇ ಕೇಳಿಕೊಂಡಿದ್ದ ಪ್ರಶ್ನೆಯನ್ನು ಅವರೂ ಕೇಳಿದರು. ಒರೆಸುವಾಗ ನೋಡಲಿಲ್ಲ ಎಂದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣು ಒತ್ತಿಕೊಂಡರು.

"ನೀವು ಸರಿ ಇತ್ತು ಅಂದಿದ್ರೆ ನಾನು ಇವತ್ತೇ ಶುರು ಮಾಡ್ತಿದ್ದೆ."

"ಗೊತ್ತು."

"ಈಗ ಆಗಲ್ಲ. ನನ್ನ ಕೈಯಿಂದ ಆಗಲ್ಲ."

"ಗೊತ್ತು ಡಾಕ್ಟರಮ್ಮ."

ಅವರು ಸಿಡುಕಲಿಲ್ಲ. ಸಿಡುಕಿದ್ದರೆ ಏನಾದರೂ ಹಿಡಿದುಕೊಳ್ಳಲು ಸಿಕ್ಕಿರುತ್ತಿತ್ತು. ಊತ ಇಳಿಸುವ ಮಾತ್ರೆಯನ್ನು ಸ್ವಲ್ಪ ಹೆಚ್ಚಿಸಿ ಬರೆದುಕೊಟ್ಟರು.

ತಂಗಿಗೆ ಹೇಳಿದಾಗ ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಆ ದಿನವೆಲ್ಲ ಅಕ್ಕನೊಂದಿಗೆ ಮಾತಾಡಲಿಲ್ಲ. ಮಾತಿನ ಮಲ್ಲಿ ಸುಮ್ಮನಾದ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದೊಂದೇ ಉಳಿಯಿತು. ಮಾರನೆಯ ದಿನ ಅಕ್ಕ ಅವಳ ಪಾದ ತೊಳೆಯುತ್ತಿದ್ದಾಗ, "ನೀನು ಹಾಗೆ ಅನ್ನಲ್ಲ ಅಂತ ನನಗೆ ಗೊತ್ತಿತ್ತು ಬಿಡು" ಎಂದಳು. "ಆದ್ರೂ ಅಂತೀಯೇನೋ ಅನ್ಕೊಂಡೆ." ಅದು ಕ್ಷಮೆಯೋ ದೂರೋ ಅಕ್ಕನಿಗೆ ತಿಳಿಯಲಿಲ್ಲ. ಪಾದ ಒರೆಸಿದಳು. ಬೆರಳಿಟ್ಟಲ್ಲೆಲ್ಲ ಗುಳಿ ಬಿದ್ದು, ಬಹಳ ಹೊತ್ತಿನವರೆಗೆ ತುಂಬಿಕೊಳ್ಳಲಿಲ್ಲ.

ಎಲೆ ಉದುರುವ ಕಾಲದಲ್ಲಿ ತಂಗಿ ತೀರಿಕೊಂಡಳು. ಹಗಲು ಹೊತ್ತು, ಕೂತಲ್ಲೇ, ದರ್ಜಿ ಅಂಗಡಿಯಲ್ಲಿ ಯಾರದೋ ತೋಳಿನ ಅಳತೆ ತೆಗೆಯುತ್ತಿದ್ದಾಗ.

ಅದಾದ ಕೆಲವು ದಿನಕ್ಕೆ ಪ್ರಯೋಗಾಲಯದವರು ಹಳೆಯ ಯಂತ್ರವನ್ನು ಗುಜರಿಗೆ ಹಾಕಿದರು. ಸಾಗಿಸಲು ಬಂದ ಗುಜರಿಯವನು ಅದರ ಬೆನ್ನು ತಟ್ಟಿ, "ಏನಮ್ಮ, ಇದು ಓಡುತ್ತಾ?" ಎಂದು ಕೇಳಿದ. ಬೇರೆ ಯಾರೋ ಓಡಲ್ಲ ಎಂದು ಹೇಳಿ ಕಳಿಸಿದರು. ನೆಲದ ಮೇಲೆ ಅದರ ನಾಲ್ಕು ಕಾಲಿನ ಗುರುತು ಉಳಿಯಿತು.

ಅವಳು ಈಗಲೂ ಕೆಲಸಕ್ಕೆ ಹೋಗುತ್ತಾಳೆ. ಕರೆದಲ್ಲಿಗೆ ಹೋಗಿ ನಿಲ್ಲುತ್ತಾಳೆ. ಎಲ್ಲಿ ಸೋರ್ತಿದೆ ಎಂದು ಕೇಳುವುದಿಲ್ಲ. ಯಂತ್ರದ ಮುಂದೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡುತ್ತಾಳೆ. ಬಿಚ್ಚಿ ಕಟ್ಟಿ ಅಕ್ಕ, ಸರಿಹೋಗುತ್ತೆ ಎಂದು ಅವಸರ ಮಾಡುವವರು ಕೊನೆಗೆ ತಾವೇ ಸ್ಪ್ಯಾನರ್ ತರಲು ಹೋಗುತ್ತಾರೆ.

ಒಂದು ರಜೆಯ ದಿನ ಕೋಟು ಒಗೆಯಲು ಜೇಬು ಬರಿದು ಮಾಡುವಾಗ ಆ ಕಾಗದ ಸಿಕ್ಕಿತು. ಅಡುಗೆಮನೆಯ ಮೇಜಿನ ಮೇಲಿಟ್ಟು ಮಡಿಕೆ ಬಿಡಿಸಿದಳು. ಹರಳು ಗಾಳಿಯ ತೇವ ಕುಡಿದು ಕರಗಿಹೋಗಿತ್ತು. ಒಂದು ಸಣ್ಣ ಕಲೆಯೂ ಸರಿಯಾಗಿ ಉಳಿದಿರಲಿಲ್ಲ. ಬೆಳಕಿಗೆ ಹಿಡಿದರೆ ಕಾಗದ ಅಲ್ಲಿ ತುಸು ಬಿರುಸಾಗಿತ್ತು, ಅಷ್ಟೇ.

ದರ್ಜಿ ಚಹಾದ ಲೋಟ ತೊಳೆಯಲು ಒಳಗೆ ಬಂದವನು ಅವಳ ಕೈಯಲ್ಲಿದ್ದದ್ದನ್ನು ಕಂಡು ನಿಂತ. ಅಷ್ಟು ದಿನ ಅವನು ಒಂದು ಮಾತೂ ಕೇಳಿರಲಿಲ್ಲ.

"ಅತ್ತಿಗೆ," ಎಂದ. "ಸರಿ ಇತ್ತು ಅಂದಿದ್ರೆ, ಉಳೀತಿದ್ಲಾ?"

ಅವಳು ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿದಳು.

"ಗೊತ್ತಿಲ್ಲಪ್ಪ" ಎಂದಳು.

ಅವನು ಲೋಟ ತೊಳೆದು ಬೋರಲಾಗಿಟ್ಟು, ಅಂಗಡಿಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಹೊಲಿಗೆ ಯಂತ್ರದ ಸದ್ದು ಶುರುವಾಯಿತು.